ಹಳೇ ಡೀಸೆಲ್ ಸೆಡಾನ್ ತಗೊಳ್ಳೋ ಮುಂಚೆ: ನಮ್ಮ ಗಾಡಿಗಳಿಗೆ ಆದ ಖರ್ಚು

ಗದಗದಿಂದ ಒಬ್ಬರು ಕೇಳಿದ್ದಾರೆ: 2015ರ ಡೀಸೆಲ್ ಸೆಡಾನ್ ನೋಡಿದ್ದೇನೆ, 1.15 ಲಕ್ಷ ಕಿ.ಮೀ. ಓಡಿದೆ, ನಾಲ್ಕೂವರೆ ಲಕ್ಷ ಹೇಳ್ತಿದ್ದಾರೆ. ದಿನಾ ಹುಬ್ಬಳ್ಳಿಗೆ ಹೋಗಿ ಬರಬೇಕು. ತಗೋಬಹುದಾ? ಆಮೇಲೆ ಏನೇನು ಖರ್ಚು ಬರುತ್ತೆ?

ತಗೋಬಹುದು ಸರ್, ನಿಮ್ಮ ಓಡಾಟಕ್ಕೆ ಡೀಸೆಲ್ಲೇ ಸರಿ. ಆದರೆ ಕೈಯಲ್ಲಿರೋ ದುಡ್ಡನ್ನೆಲ್ಲ ಗಾಡಿಗೇ ಸುರಿಯಬೇಡಿ. 60 ಸಾವಿರ ಬೇರೆ ಎತ್ತಿಡಿ. ನಾನು ಹುಬ್ಬಳ್ಳಿಯಲ್ಲಿ ಇದೇ ಥರದ 2014ರ ಗಾಡಿ ತಗೊಂಡು ನಾಲ್ಕು ವರ್ಷ ಆಯ್ತು. ಆಗ 98 ಸಾವಿರ ಓಡಿತ್ತು, ಈಗ 1.62 ಲಕ್ಷ. ಎಂಜಿನ್ ಒಳಗೆ ಇವತ್ತಿಗೂ ಕೈ ಹಾಕಿಲ್ಲ. ದುಡ್ಡು ತಿಂದಿದ್ದೆಲ್ಲ ಅದರ ಸುತ್ತಮುತ್ತಲಿನ ಸಾಮಾನು.

ಮೊದಲ ಪೆಟ್ಟು ಕ್ಲಚ್‌ನದು. ತಗೊಂಡ ಆರೇ ತಿಂಗಳಿಗೆ, ಫಸ್ಟ್ ಗೇರ್‌ನಲ್ಲಿ ಕ್ಲಚ್ ಬಿಡುವಾಗ ಗಾಡಿ ನಡುಗೋಕೆ ಶುರುವಾಯ್ತು. ಒಂದು ಗ್ಯಾರೇಜ್‌ನಲ್ಲಿ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್ ಹಾಕಿ 14 ಸಾವಿರ ತಗೊಂಡರು. ನಡುಕ ಹೋಗಲಿಲ್ಲ. ಗೋಕುಲ ರೋಡ್ ಕಡೆಯ ಹಳೇ ಮೇಸ್ತ್ರಿಯೊಬ್ಬರು ಎಂಜಿನ್ ಬಂದ್ ಮಾಡಿ ಕಿವಿಗೊಟ್ಟು ಕೇಳು ಅಂದರು. ನಿಲ್ಲುವಾಗ ಕಟಕಟ ಅಂತ ಸದ್ದು. "ಕ್ಲಚ್ ಅಲ್ರೀ ಇದು, ಫ್ಲೈವೀಲ್ ಹೋಗೇತಿ" ಅಂದರು. ಫ್ಲೈವೀಲ್ ಅಂದರೆ ಎಂಜಿನ್‌ಗೂ ಕ್ಲಚ್‌ಗೂ ನಡುವೆ ಇರೋ ಭಾರದ ಚಕ್ರ. ಹಲವು ಡೀಸೆಲ್ ಗಾಡಿಗಳಲ್ಲಿ ಅದು ಎರಡು ಭಾಗದ್ದಿರುತ್ತೆ, ಡ್ಯುಯಲ್ ಮಾಸ್ ಅಂತಾರೆ. ನಡುವೆ ಇರೋ ಸ್ಪ್ರಿಂಗ್‌ಗಳು ಎಂಜಿನ್ನಿನ ಅದುರಾಟ ಗೇರ್‌ಬಾಕ್ಸ್‌ಗೆ ಮುಟ್ಟದಂತೆ ತಡೆಯುತ್ತವೆ. ಅವು ಸವೆದರೆ ಇಡೀ ಫ್ಲೈವೀಲ್ ಬದಲಿಸಬೇಕು. ನನಗೆ 32 ಸಾವಿರ ಆಯ್ತು. ಗೇರ್‌ಬಾಕ್ಸ್ ಇಳಿಸೋ ಕೂಲಿ ಎರಡೆರಡು ಸಲ ಕೊಟ್ಟಿದ್ದು ಈಗಲೂ ಹೊಟ್ಟೆ ಉರಿಸುತ್ತೆ. ಅದಕ್ಕೇ ಹೇಳ್ತೀನಿ, ಕ್ಲಚ್ ಇಳಿಸಿದಾಗಲೇ ಫ್ಲೈವೀಲ್ ಕೈಯಲ್ಲಿ ತಿರುಗಿಸಿ ನೋಡಿಸಿ.

ಇನ್ನೊಂದು ಸಲ ಅಣ್ಣಿಗೇರಿ ದಾಟಿದ ಮೇಲೆ ಪಿಕಪ್ಪೇ ಇಲ್ಲ, ಹಿಂದೆ ಕಪ್ಪು ಹೊಗೆ. ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ತಳ್ಳೋ ಭಾಗ) ಹೋಗಿದೆ, 45 ಸಾವಿರ ಅಂದರು ಒಬ್ಬರು. ಇನ್ನೊಬ್ಬರ ಹತ್ತಿರ ತೋರಿಸಿದಾಗ ಟರ್ಬೊದಿಂದ ಬರೋ ರಬ್ಬರ್ ಪೈಪ್ ಸೀಳಿತ್ತು, ಅಷ್ಟೇ. 2,800ಕ್ಕೆ ಮುಗೀತು. ದೊಡ್ಡ ಮೊತ್ತ ಹೇಳಿದರೆ ಎರಡನೇ ಕಡೆ ತೋರಿಸದೆ ಹೂಂ ಅನ್ನಬೇಡಿ.

ಎಸಿ ಗ್ಯಾಸ್ ಪ್ರತಿ ಬೇಸಿಗೆಗೂ ಖಾಲಿಯಾಗ್ತಿದ್ದರೆ ಕೂಲಿಂಗ್ ಕಾಯಿಲ್ ಲೀಕ್ ಇರಬಹುದು. ಅದಕ್ಕೆ ಡ್ಯಾಶ್‌ಬೋರ್ಡ್ ಬಿಚ್ಚಬೇಕು, ನನಗೆ 11 ಸಾವಿರ. ಹಾವೇರಿಯ ನಮ್ಮ ಭಾವನ ಪೆಟ್ರೋಲ್ ಸೆಡಾನ್‌ಗೆ ಇಂಥ ದೊಡ್ಡ ಖರ್ಚು ಬರಲೇ ಇಲ್ಲ. ಆದರೆ ಊರೊಳಗಿನ ಹಂಪ್, ತಗ್ಗುಗಳಿಗೆ ಲೋವರ್ ಆರ್ಮ್ ಬುಷ್, ಲಿಂಕ್ ರಾಡ್, ಮುಂದಿನ ಎರಡು ಶಾಕ್ ಅಬ್ಸಾರ್ಬರ್ ಸೇರಿ 17 ಸಾವಿರ ಆಯ್ತಂತೆ. ಸೆಡಾನ್ ಹೊಟ್ಟೆ ತಗ್ಗು ಅಲ್ವಾ, ಅಡಿಭಾಗ ತಪ್ಪದೆ ಬಗ್ಗಿ ನೋಡಿ.

ಯಾವ ಮಾಡೆಲ್ ಅಂತ ನೀವು ಬರೆದಿಲ್ಲ. ಸಿಯಾಜ್ 1.3 ಡೀಸೆಲ್‌ನಲ್ಲಿ ಟೈಮಿಂಗ್ ಚೈನ್ ಇದೆ, ವೆಂಟೊ 1.5 ಡೀಸೆಲ್‌ನಲ್ಲಿ ಬೆಲ್ಟ್. ಎಂಜಿನ್ನಿನ ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚೋ ಹಾಗೆ ಮಾಡೋದು ಇದೇ. ಬೆಲ್ಟ್ ಗಾಡಿಯಾದರೆ ಅದನ್ನು ಬದಲಿಸಿದ ಬಿಲ್ ಕೇಳಿ. ಓಡುವಾಗ ಅದು ಹರಿದರೆ ವಾಲ್ವ್‌ಗಳಿಗೆ ಪಿಸ್ಟನ್ ಬಡಿಯುತ್ತೆ, ಎಂಜಿನ್ ಕೆಲಸವೇ ಮಾಡಿಸಬೇಕಾಗುತ್ತೆ.

ನೋಡೋಕೆ ಹೋಗುವಾಗ ಬೆಳಿಗ್ಗೆಯೇ ಹೋಗಿ, ನಾನು ಬರೋವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿ. ಬಾನೆಟ್ ಮುಟ್ಟಿ ನೋಡಿ, ಬಿಸಿ ಇದ್ದರೆ ಏನೋ ಮುಚ್ಚಿಡ್ತಿದ್ದಾರೆ ಅಂತ ಅನುಮಾನ ಪಡಿ. ಟೈರ್ ಮೇಲೆ ನಾಲ್ಕು ಅಂಕಿ ಇರುತ್ತೆ, 2319 ಅಂದರೆ 2019ರ 23ನೇ ವಾರದ ಟೈರ್. ಐದಾರು ವರ್ಷ ದಾಟಿದ್ದರೆ ನಾಲ್ಕಕ್ಕೂ ಸೇರಿ 22 ಸಾವಿರ ಬೆಲೆಯಲ್ಲಿ ಮುರಿಯಿರಿ. ಕಿ.ಮೀ. ನಿಜವೋ ಅಂತ ಕಂಪನಿ ಸರ್ವಿಸ್ ಬಿಲ್‌ಗಳನ್ನು ಸಾಲಾಗಿ ಇಟ್ಟು ನೋಡಿ.

ಸಾಲ ಇದ್ದ ಗಾಡಿಯಾದರೆ ಬ್ಯಾಂಕಿನ ಎನ್‌ಒಸಿ (ಸಾಲ ತೀರಿದೆ ಅನ್ನೋ ಪತ್ರ), ಆರ್‌ಸಿಯಿಂದ ಸಾಲದ ನಮೂದು ತೆಗೆಸೋ ಫಾರ್ಮ್ 35 ಕೈಗೆ ಬಂದ ಮೇಲೆಯೇ ಪೂರ್ತಿ ದುಡ್ಡು ಕೊಡಿ. ಹೆಸರು ಬದಲಾವಣೆಗೆ ಫಾರ್ಮ್ 29, 30. ಇನ್ಶೂರೆನ್ಸ್‌ಗೂ 14 ದಿನದೊಳಗೆ ಅರ್ಜಿ ಹಾಕಿ, ಇದನ್ನು ತುಂಬಾ ಜನ ಮರೀತಾರೆ.

ನನ್ನನ್ನು ಕೇಳಿದರೆ 3.8 ಲಕ್ಷದಿಂದ ಮಾತು ಶುರು ಮಾಡಿ. ಗಾಡಿ ಹುಬ್ಬಳ್ಳಿಯಲ್ಲೇ ಇದ್ದರೆ ಭಾನುವಾರ ನಾನೂ ಬರ್ತೀನಿ. ಉಣಕಲ್ ಹತ್ತಿರ ನೃಪತುಂಗ ಬೆಟ್ಟದ ಏರಿನಲ್ಲಿ ನಿಲ್ಲಿಸಿ, ಫಸ್ಟ್ ಗೇರ್‌ನಲ್ಲಿ ಎತ್ತಿ ನೋಡೋಣ. ಕ್ಲಚ್ ಹೇಗಿದೆ ಅಂತ ಅಲ್ಲೇ ಗೊತ್ತಾಗುತ್ತೆ.