ಅಪ್‌ಡೇಟ್: ‘ೞ’ ಕೊನೆಗೂ ಬಾಯಿಗೆ ಬಂದಿದೆ

ಕಾರವಾರದ ನಮ್ಮ ನೆರೆಮನೆಯ ಮಲಯಾಳಿ ದಂಪತಿ ಮಳೆಗೆ ‘ಮೞ’ ಎನ್ನುವಾಗ ಆ ‘ೞ’ ವ್ಯಂಜನ ನನಗೆ ಒಮ್ಮೆ ‘ಳ’, ಒಮ್ಮೆ ‘ರ’ ಎಂದು ಕೇಳಿಸುವುದೇಕೆ ಎಂದು ಕೇಳಿದ್ದೆ. ‘ನಾಲಿಗೆ ಮಡಚಿ’ ಎಂಬ ಸಲಹೆಯೇ ಹೆಚ್ಚು ಬಂದಿತ್ತು. ‘ಳ’ಕ್ಕೂ ನಾಲಿಗೆ ಮಡಚಲೇಬೇಕಲ್ಲ, ಸ್ವಾಮಿ!

ಕೆಲಸಕ್ಕೆ ಬಂದದ್ದು ಉಸಿರಿನ ಪರೀಕ್ಷೆ. ‘ಳ್’ ಎಂದು ಎಳೆದು, ನಾಲಿಗೆ ಕದಲಿಸದೆ ಉಸಿರನ್ನು ಒಳಗೆಳೆದುಕೊಳ್ಳಿ. ತುದಿ ಅಂಗುಳಕ್ಕೆ ಅಂಟಿರುವುದರಿಂದ ತಂಪು ನಾಲಿಗೆಯ ಅಂಚುಗಳಿಗೆ ತಾಗುತ್ತದೆ. ಈಗ ತುದಿಯನ್ನು ಕೂದಲೆಳೆಯಷ್ಟು ಇಳಿಸಿ, ಅಂಚುಗಳನ್ನು ಮೇಲಿನ ದವಡೆ ಹಲ್ಲುಗಳಿಗೆ ಒತ್ತಿ. ತಂಪು ನಡುವೆ ಹರಿದರೆ ಅದೇ ‘ೞ’. ಗಾಳಿ ನಡುವೆ ಸಾಗುವುದರಿಂದ ‘ರ’ದ ಛಾಯೆ, ತುದಿ ಹಿಂದಕ್ಕೆ ಬಾಗಿರುವುದರಿಂದ ‘ಳ’ದ ಛಾಯೆ.

ಅಂದ ಹಾಗೆ, ಇದು ನಮಗೆ ಹೊರಗಿನದೇನೂ ಅಲ್ಲ. ಹಳಗನ್ನಡದಲ್ಲಿ ಮೞೆ, ಏೞು, ಬಾೞೆ ಎಂದೇ ಇತ್ತು. 13ನೇ ಶತಮಾನದ ವ್ಯಾಕರಣಕಾರ ಕೇಶಿರಾಜ ಈ ಅಕ್ಷರವಿರುವ ಪದಗಳನ್ನು ಪಟ್ಟಿ ಮಾಡಿಟ್ಟಿದ್ದಾನೆ. ಕಾಲಕ್ರಮೇಣ ಅದು ‘ಳ’ದೊಳಗೆ ಕರಗಿತು.

ನೆರೆಮನೆಯಾಕೆ ನನ್ನ ‘ಮೞ’ವನ್ನು ಒಪ್ಪಿದ್ದಾರೆ. ‘ಕೋೞಿಕ್ಕೋಡ್’ ಎನ್ನುವಾಗ ಮಾತ್ರ ನಾಲಿಗೆ ಇನ್ನೂ ‘ಳ’ಕ್ಕೇ ಜಾರುತ್ತದೆ, ಅದಕ್ಕೊಂದು ಉಪಾಯವಿದ್ದರೆ ತಿಳಿಸಿ.