ಸಹಾಯ ಬೇಕು: ಉಪ್ಪು ತೆಗೆದ್ರೆ ಅಮೈಲೇಸ್ (ಪಿಷ್ಟ ಒಡೆಯೋ ಎಂಜೈಮ್) ಕೆಡ್ತದೆ, ಬಿಟ್ರೆ ಶುದ್ಧೀಕರಣದ ಕಾಲಮ್ಮಿಗೆ ಹಿಡಿಯೋದಿಲ್ಲ

ಸಾಣಿಕಟ್ಟಾ ಆಗರದಲ್ಲಿ ಉಪ್ಪು ಹರಳುಗಟ್ಟುವ ಕೊನೆಯ ಪಾತಿಯ ನಸುಗೆಂಪು ನೀರಿನಿಂದ ಬೆಳೆಸಿದ ಹ್ಯಾಲೋಆರ್ಕಿಯಾ (ಕಡು ಉಪ್ಪಿನಲ್ಲಿ ಬೆಳೆಯೋ ಸೂಕ್ಷ್ಮಜೀವಿ) ಇದು. ಮಾಧ್ಯಮದಲ್ಲಿ ಶೇ. 25 ಉಪ್ಪು, ಶೇ. 2 ಮೆಗ್ನೀಸಿಯಮ್ ಸಲ್ಫೇಟ್, ಯೀಸ್ಟ್ ಎಕ್ಸ್‌ಟ್ರಾಕ್ಟ್, ಪಿಎಚ್ 7.4, 40 ಡಿಗ್ರಿ. ಪ್ಲೇಟುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿದ್ದೇವೆ, ಇಲ್ಲಾಂದ್ರೆ ಒಣಗಿ ಬರೀ ಹರಳು. ಪಿಷ್ಟದ ಪ್ಲೇಟಿಗೆ ಅಯೋಡಿನ್ ಹುಯ್ದರೆ ನೀಲಿ ನಡುವೆ ಕಾಲನಿ ಸುತ್ತ ಅಗಲವಾದ ತಿಳಿ ಬಳೆ, ಅಂದ್ರೆ ಅಲ್ಲಿ ಅಮೈಲೇಸ್ ಪಿಷ್ಟ ಒಡೆದಿದೆ. ಬಟ್ಟೆಯ ಗಂಜಿ ತೆಗೆಯೋ ಕೆಲಸಕ್ಕೆ ಆಗಿಬರೋ ಎಂಜೈಮೇ.

ತೊಡಕು ಶುದ್ಧೀಕರಣದಲ್ಲಿ. ಉಪ್ಪಿಲ್ಲದ ಸಾದಾ ಬಫರಿನಲ್ಲಿ (ಪಿಎಚ್ ಬದಲಾಗದಂತೆ ಕಾಯೋ ದ್ರಾವಣ) ಡಯಾಲಿಸಿಸ್ ಮಾಡಿದ್ರೆ, ಅಂದ್ರೆ ಪೊರೆಯ ಮೂಲಕ ಉಪ್ಪು ತೆಗೆದ್ರೆ, ಚಟುವಟಿಕೆ ಪೂರ್ತಿ ಹೋಗ್ತದೆ. ಈ ಪ್ರೋಟೀನುಗಳ ಮೇಲ್ಮೈ ತುಂಬಾ ಆಮ್ಲೀಯ, ಉಪ್ಪಿಲ್ಲದೆ ಮಡಿಕೆ ಬಿಚ್ಚಿಕೊಳ್ತದೆ. 3 ಮೋಲಾರ್ ಉಪ್ಪಿನ ಬಫರಿನಲ್ಲಿ ಚೆನ್ನಾಗಿ ಉಳೀತದೆ, ಆದರೆ ಅಯಾನು ವಿನಿಮಯ ಕಾಲಮ್ಮಿಗೆ (ವಿದ್ಯುದಾವೇಶದಿಂದ ಪ್ರೋಟೀನು ಹಿಡಿಯೋದು) ಕಚ್ಚದೆ ನೇರ ಇಳಿದುಹೋಗ್ತದೆ.

ಈಗ ಕೈಲಿರೋದು ಫೀನೈಲ್ ಕಾಲಮ್, ಪ್ರೋಟೀನಿನ ನೀರೊಲ್ಲದ ಭಾಗಗಳನ್ನು ಹೆಚ್ಚು ಉಪ್ಪಿನಲ್ಲಿ ಹಿಡಿಯೋದು. 3 ಮೋಲಾರ್ ಉಪ್ಪು ಹಾಗೇ ಇಟ್ಟು, ಎಂಜೈಮ್ ಗಸಿಯಾಗಿ ಕೂರದೆ ಕಾಲಮ್ಮಿಗೆ ಹಿಡೀಬೇಕಾದ್ರೆ ಅಮೋನಿಯಮ್ ಸಲ್ಫೇಟ್ ಎಷ್ಟು ಮೋಲಾರ್ ಹಾಕಬೇಕು? ಮಾಡಿ ನೋಡಿದವರು ದಯವಿಟ್ಟು ಹೇಳಿ.