ಅಪ್‌ಡೇಟ್: ಅಮ್ಮನ ಜೊತೆ ತಡಿಯಂಡಮೋಳ್ ಹತ್ತಿ ಬಂದೆವು

ಅಮ್ಮನನ್ನು ಕರ್ಕೊಂಡು ಒಂದೇ ದಿನದಲ್ಲಿ ಕೊಡಗಿನ ತಡಿಯಂಡಮೋಳ್ ಬೆಟ್ಟ ಹತ್ತಿ ಇಳಿಯಬಹುದಾ ಅಂತ ಇಲ್ಲಿ ಕೇಳಿದ್ದೆ ಅಲ್ವಾ? ಹೋಗಿ ಬಂದೆವು! ಅರಣ್ಯ ಇಲಾಖೆಯ ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ಮಾಡಿಸಿದ್ದೆ. ಕಕ್ಕಬ್ಬೆಯ ನಾಲ್ಕುನಾಡು ಅರಮನೆ ಹತ್ತಿರದಿಂದ ಬೆಳಿಗ್ಗೆ ಬೇಗ ಹೊರಟೆವು. ಅರ್ಧ ದಾರಿ ಸಲೀಸು. ಶೋಲಾ ಕಾಡಿನೊಳಗಿನ (ಬೆಟ್ಟದ ಮಡಿಲಿನ ದಟ್ಟ ಕಾಡು) ಕೊನೇ ಏರು ಮಾತ್ರ ತುಂಬಾ ಕಡಿದು. ಒದ್ದೆ ಮಣ್ಣು, ಕಾಲಿಟ್ಟಲ್ಲಿ ಜಾರುತ್ತೆ, ಮರದ ಬೇರು ಹಿಡಿದೇ ಹತ್ತಬೇಕು. ಅಮ್ಮ ಕೋಲೂರಿಕೊಂಡು, ನಿಂತು ನಿಂತು ಹತ್ತಿದರು. ನೀವು ಹೇಳಿದ ಹಾಗೆ ಕಾಲುಚೀಲಕ್ಕೆ ಉಪ್ಪು ಸವರಿದ್ದೆವು, ಜಿಗಣೆ ಕಾಟ ಅಷ್ಟಾಗಿ ಆಗಲಿಲ್ಲ. 1,748 ಮೀಟರ್ ಎತ್ತರದಲ್ಲಿ ಮಂಜು ಸರಿದು ಹುಲ್ಲಿನ ಬೆಟ್ಟಗಳೆಲ್ಲ ಕಂಡಾಗ ಅಮ್ಮನ ಮುಖ ನೋಡಬೇಕಿತ್ತು! ನೀರು ಜಾಸ್ತಿ ಇಟ್ಟುಕೊಳ್ಳಿ. ಜೋರು ಮಳೆಯಲ್ಲಿ ಮಾತ್ರ ವಯಸ್ಸಾದವರನ್ನು ಕರೆದೊಯ್ಯಬೇಡಿ. ಸಲಹೆ ಕೊಟ್ಟವರಿಗೆಲ್ಲ ಅಮ್ಮನ ಕಡೆಯಿಂದಲೂ ಥ್ಯಾಂಕ್ಸ್.